ಕಾಳ್ಗಿಚ್ಚಿನ ತುರ್ತು ಚೀಲ
ಕಾಳ್ಗಿಚ್ಚು ಹತ್ತಿರ ಬಂದಾಗ ಮನೆ ಬಿಡಬೇಕಾದವರು ಮೊದಲೇ ಕಟ್ಟಿಡುವ ಗಂಟು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಗ್ನಿಶಾಮಕ ಇಲಾಖೆ 'ಕ್ಯಾಲ್ ಫೈರ್' ಇದಕ್ಕೆ ಪಟ್ಟಿಯನ್ನೇ ಕೊಟ್ಟಿದೆ: ಮೂರು ದಿನಕ್ಕಾಗುವ ಕೆಡದ ಆಹಾರ, ತಲಾ ಸುಮಾರು 11 ಲೀಟರ್ ನೀರು, ಔಷಧಿ, ಇನ್ನೊಂದು ಜೊತೆ ಕನ್ನಡಕ, ಟಾರ್ಚು, ಬ್ಯಾಟರಿ ರೇಡಿಯೊ, ಎನ್-95 ಮುಖಗವಸು, ದಾಖಲೆಗಳ ನಕಲು, ಭೂಪಟ, ನಗದು, ಸಾಕುಪ್ರಾಣಿಗಳಿಗೆ ತಿನಿಸು.

ಪಟ್ಟಿಯಲ್ಲಿ ಅನೇಕರು ಹಗುರವಾಗಿ ಕಾಣುವುದು ಭೂಪಟವನ್ನು. ಅದರಲ್ಲಿ ಊರಿನಿಂದ ಪಾರಾಗುವ ಕನಿಷ್ಠ ಎರಡು ದಾರಿ ಗುರುತಿಸಿರಬೇಕು. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯದ ಪ್ಯಾರಡೈಸ್ ಪಟ್ಟಣಕ್ಕೆ 'ಕ್ಯಾಂಪ್ ಫೈರ್' ಎಂಬ ಕಾಳ್ಗಿಚ್ಚು ನುಗ್ಗಿದಾಗ ಊರಿನಿಂದ ಹೊರಹೋಗುವ ಕೆಲವೇ ರಸ್ತೆಗಳಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡವು. ಆ ಬೆಂಕಿಗೆ 85 ಮಂದಿ ಬಲಿಯಾದರು.

ಉಟ್ಟ ಬಟ್ಟೆಯೂ ಸಿದ್ಧತೆಯ ಭಾಗವೇ. ತುಂಬುತೋಳಿನ ಹತ್ತಿ ಅಥವಾ ಉಣ್ಣೆಯ ಉಡುಪು ಲೇಸು. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಗಟ್ಟಿ ಷೂ ಮತ್ತು ಟಾರ್ಚು ಮಂಚದ ಪಕ್ಕದಲ್ಲೇ ಇರಬೇಕು, ಏಕೆಂದರೆ ಎಚ್ಚರಿಕೆ ನಡುರಾತ್ರಿಯೂ ಬರಬಹುದು. ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸುವುದು ವಾಡಿಕೆ. ವಿದ್ಯುತ್ ಕೈಕೊಟ್ಟರೆ ಗ್ಯಾರೇಜಿನ ಸ್ವಯಂಚಾಲಿತ ಬಾಗಿಲು ತೆರೆಯದು; ಅದನ್ನು ಕೈಯಿಂದ ಎತ್ತುವ ಬಗೆ ಮನೆಮಂದಿಗೆಲ್ಲ ಗೊತ್ತಿರಬೇಕು. 2019ರ ಜುಲೈನಿಂದ ಕ್ಯಾಲಿಫೋರ್ನಿಯದ ಮನೆಗಳಲ್ಲಿ ಹೊಸದಾಗಿ ಅಳವಡಿಸುವ, ಇಂಥ ಬಾಗಿಲು ತೆರೆಯುವ ಯಂತ್ರಗಳಿಗೆ ಬ್ಯಾಟರಿ ಕಡ್ಡಾಯ.

ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿಯಲೂ ಬಿಡಬಾರದು.