ಆಡಳಿತಕ್ಕಿಂತ ಒಂದು ವರ್ಷ ಹಿರಿಯ ಕಟ್ಟಡ

ಶಿಕಾಗೋದ ವಾಯವ್ಯಕ್ಕಿರುವ ಸ್ಕೋಕಿಯ ಫ್ಲೋರಲ್ ಅವೆನ್ಯೂದಲ್ಲಿ 1887ರ ಅಗ್ನಿಶಾಮಕ ಠಾಣೆಯೊಂದು ಇಂದಿಗೂ ನಿಂತಿದೆ. ಈಗ ಅದು ಊರಿನ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯ. ಠಾಣೆ ಕಟ್ಟಿದಾಗ ಊರಿಗೆ ಸ್ಕೋಕಿ ಎಂಬ ಹೆಸರಿರಲಿಲ್ಲ. ಆ ಹೆಸರು ಬಂದದ್ದು 1940ರ ಜನಮತದಿಂದ. ಅಲ್ಲಿಯವರೆಗೆ ಅದು ನೈಲ್ಸ್ ಸೆಂಟರ್, ಜರ್ಮನಿ ಮತ್ತು ಲಕ್ಸೆಂಬರ್ಗ್ ಕಡೆಯಿಂದ ವಲಸೆ ಬಂದ ಬೇಸಾಯಗಾರರ ಪುಟ್ಟ ಊರು. 1900ರ ಜನಗಣತಿಯ ಹೊತ್ತಿಗೂ ಅಲ್ಲಿದ್ದವರು ಐನೂರು ಚಿಲ್ಲರೆ ಮಂದಿ. ಊರು ತನ್ನದೇ ಆಡಳಿತವುಳ್ಳ ಗ್ರಾಮವೆಂದು ಕಾನೂನಿನ ಮನ್ನಣೆ ಪಡೆದದ್ದು 1888ರಲ್ಲಿ. ಎಂದರೆ ಠಾಣೆ ಮೊದಲು, ಗ್ರಾಮಾಡಳಿತ ಆಮೇಲೆ. ಈ ಅನುಕ್ರಮ ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಅಮೆರಿಕದ ಈ ಭಾಗದಲ್ಲಿ ಅಕ್ಕಪಕ್ಕದ ಮನೆಗಳ ಗುಂಪು ಒಂದು ಊರಾಗಿ ಬದಲಾದ ಗಳಿಗೆಯನ್ನು ಅಗ್ನಿಶಾಮಕ ಠಾಣೆಯ ಗೋಡೆಗಳಲ್ಲೇ ಓದಬಹುದು.

ಕಾರಣ ದೂರದಲ್ಲಿಲ್ಲ. 1871ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಬೆಂಕಿ ಎರಡು ದಿನಗಳಲ್ಲಿ ಶಿಕಾಗೋದ 17 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಮಂದಿ ಸೂರು ಕಳೆದುಕೊಂಡರು. 1874ರ ಜುಲೈನಲ್ಲಿ ಮತ್ತೊಮ್ಮೆ ದೊಡ್ಡ ಬೆಂಕಿ ಬಿತ್ತು. ಮರದ ಮನೆ, ಒಣಹುಲ್ಲಿನ ಕೊಟ್ಟಿಗೆ, ಸೀಮೆಎಣ್ಣೆಯ ದೀಪ: ನಗರವನ್ನು ಸುಟ್ಟ ಇದೇ ಸರಕು ಸುತ್ತಲಿನ ಹಳ್ಳಿಗಳಲ್ಲೂ ಇತ್ತು. ಹೊಲದ ಬೇಲಿಯನ್ನು ಒಬ್ಬನೇ ಕಟ್ಟಿಕೊಳ್ಳಬಹುದು. ಗಾಳಿಯೊಡನೆ ಸೂರಿನಿಂದ ಸೂರಿಗೆ ಹಾರುವ ಕಿಡಿಯನ್ನು ಒಬ್ಬನೇ ತಡೆಯಲಾಗದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ನಮ್ಮ ಹಿರಿಯರ ವಿವೇಕವನ್ನೇ ಈ ಬೇಸಾಯಗಾರರು ಸ್ವಯಂಸೇವಕ ದಳ ಕಟ್ಟಿ, ಅದಕ್ಕೊಂದು ಠಾಣೆ ಕಟ್ಟಿ ಕಾರ್ಯರೂಪಕ್ಕೆ ತಂದರು.

ಆ ಕಾಲದ ಠಾಣೆಗಳ ವಿನ್ಯಾಸವೂ ಇದನ್ನೇ ಹೇಳುತ್ತದೆ. ವಿಕ್ಟೋರಿಯಾ ಯುಗದ ಕಮಾನು, ಗೋಪುರಗಳೆಲ್ಲ ಬರೀ ಮೆರೆದಾಟ ಎನ್ನುವವರಿದ್ದಾರೆ. ಅಲಂಕಾರ ಇದ್ದದ್ದು ನಿಜ, ಆದರೆ ಅದರ ಹಿಂದಿನ ಅಸ್ಥಿಪಂಜರ ಕೆಲಸದ್ದು. ಒದ್ದೆ ಹೋಸ್ ಪೈಪನ್ನು ಮಡಚಿಟ್ಟರೆ ಕೊಳೆಯುತ್ತದೆ. ಉದ್ದಕ್ಕೆ ನೇತುಹಾಕಿ ಒಣಗಿಸಲು ಎತ್ತರದ ಗೋಪುರ ಬೇಕು, ಅದೇ ಗೋಪುರದಿಂದ ಗಂಟೆಯ ಸದ್ದು ಊರಿಗೆಲ್ಲ ಕೇಳಬೇಕು. ಬಂಡಿ ನೇರವಾಗಿ ಬೀದಿಗೆ ಹಾರಲು ಅಗಲವಾದ ಬಾಗಿಲು ಬೇಕು. ನಗರದ ಠಾಣೆಗಳಲ್ಲಿ ಕೆಳಗೆ ಕುದುರೆಗಳು, ಮೇಲೆ ಹುಲ್ಲು ಮತ್ತು ಮಲಗುವ ಕೋಣೆ. 1878ರಲ್ಲಿ ಶಿಕಾಗೋದ ಕಪ್ಪು ಜನಾಂಗದವರ 21ನೇ ದಳದಲ್ಲಿದ್ದ ಕ್ಯಾಪ್ಟನ್ ಡೇವಿಡ್ ಕೆನ್ಯನ್ ಮಹಡಿಯಿಂದ ಜಾರಿ ಇಳಿಯುವ ಕಂಬವನ್ನು ಬಳಕೆಗೆ ತಂದದ್ದು ಇಂಥ ಕಟ್ಟಡದಲ್ಲೇ. ಮೆಟ್ಟಿಲಿನಲ್ಲಿ ಕಳೆಯುತ್ತಿದ್ದ ಕ್ಷಣಗಳು ಅದರಿಂದ ಉಳಿದವು.

ಹೋಲಿಕೆಗೆ ಅದೇ ಕಾಲದ ಪೊಲೀಸ್ ಠಾಣೆಯೊಂದನ್ನು ನೋಡಬೇಕು. ಶಿಕಾಗೋದ ಮ್ಯಾಕ್ಸ್‌ವೆಲ್ ಬೀದಿಯ ಠಾಣೆ 1888ರದ್ದು. ವಿನ್ಯಾಸ ಎಡ್‌ಬ್ರೂಕ್ ಮತ್ತು ಬರ್ನ್‌ಹ್ಯಾಮ್ ಅವರದ್ದು. ಕೆಂಪು ಇಟ್ಟಿಗೆ, ಸುಣ್ಣಕಲ್ಲು, ರೋಮನೆಸ್ಕ್ ಶೈಲಿಯ ಭಾರ. ವಲಸಿಗರು ಕಿಕ್ಕಿರಿದ ಬಡಾವಣೆಯ ನಡುವೆ ಆ ಗೋಡೆಯ ಕೆಲಸ ಒಳಗಿನವರನ್ನು ಹೊರಗಿನವರಿಂದ ಬೇರೆ ಮಾಡುವುದು. ಅಗ್ನಿಶಾಮಕ ಠಾಣೆಯ ಮುಖವಾದರೋ ಬಹುಪಾಲು ಬಾಗಿಲೇ. ಎರಡೂ ಸಾರ್ವಜನಿಕ ಕಟ್ಟಡಗಳೇ. ಆದರೆ ಒಂದು ಜನರ ಮೇಲೆ ನಿಗಾ ಇಡಲು, ಇನ್ನೊಂದು ಜನರೇ ಕೂಡಿ ಅಪಾಯವನ್ನು ಎದುರಿಸಲು ರೂಪುಗೊಂಡದ್ದು.

ನೈಲ್ಸ್ ಟೌನ್‌ಶಿಪ್, ಕುಕ್ ಕೌಂಟಿ ಆಡಳಿತಗಳು ಮೊದಲೇ ಇದ್ದವಲ್ಲ, ಆಡಳಿತವೇ ಇರಲಿಲ್ಲ ಎಂದರೆ ಹೇಗೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಗ್ರಾಮವಾಗಲು ಬೆಂಕಿಯೊಂದೇ ಕಾರಣವಾಗಿತ್ತು ಎಂದೂ ನಾನು ಹೇಳುತ್ತಿಲ್ಲ. ರಸ್ತೆ, ಚರಂಡಿಗಳ ಅಗತ್ಯವೂ ಅಂಥ ಊರುಗಳನ್ನು ಒಗ್ಗೂಡಿಸುತ್ತಿತ್ತು. ಆದರೆ ಕೆಸರು ರಸ್ತೆಯನ್ನು ಒಂದು ಮಳೆಗಾಲ ಸಹಿಸಬಹುದು, ಉರಿಯುವ ಸೂರನ್ನು ಒಂದು ಗಂಟೆಯೂ ಸಹಿಸಲಾಗದು. ದೂರದ ಕಚೇರಿ ತೆರಿಗೆ ವಸೂಲಿ ಮಾಡಬಲ್ಲದು, ನಡುರಾತ್ರಿ ನಿಮಿಷಗಳಲ್ಲಿ ನೀರು ತರಲಾರದು. ಹತ್ತಿರದವರೇ ಹೊರಬೇಕಾದ ಈ ಹೊಣೆ, ಹತ್ತಿರದ ಆಡಳಿತ ಬೇಕೆಂಬ ವಾದಕ್ಕೆ ಎಲ್ಲಕ್ಕಿಂತ ಬಲವಾದ ಪುರಾವೆಯಾಗಿತ್ತು.

ಡೆಟ್ರಾಯಿಟ್ 1922ರಲ್ಲಿ, ಶಿಕಾಗೋ 1923ರಲ್ಲಿ ಕೊನೆಯ ಕುದುರೆಗಳನ್ನು ಬೀಳ್ಕೊಟ್ಟು ಮೋಟಾರು ವಾಹನಗಳಿಗೆ ಬದಲಾದವು. ಇಂಥ ಕಟ್ಟಡಗಳ ಮೂಲ ಉಪಯೋಗ ಅಲ್ಲಿಗೆ ಮುಗಿಯಿತು. ಹಾಗಿದ್ದರೂ ಅವನ್ನು ಉಳಿಸಬೇಕು, ಉಳಿಸುವಾಗ ಮುಂಭಾಗದ ಅಂದಕ್ಕಷ್ಟೇ ತೃಪ್ತರಾಗಬಾರದು. ಸ್ಕೋಕಿಯ ಠಾಣೆಯ ಹಿಂದೆ 1840ರ ದಶಕದ ಮರದ ದಿಮ್ಮಿಯ ಮನೆಯೊಂದನ್ನೂ ಕಾಪಾಡಿದ್ದಾರೆ. ಒಂದು ಕುಟುಂಬ ತನಗಾಗಿ ಕಟ್ಟಿಕೊಂಡದ್ದು ಮತ್ತು ಊರು ಎಲ್ಲರಿಗಾಗಿ ಕಟ್ಟಿದ್ದು ಅಲ್ಲಿ ಒಂದೇ ಅಂಗಳದಲ್ಲಿವೆ. ನಡುವಿನ ನಾಲ್ಕು ದಶಕಗಳಲ್ಲಿ ಆದ ಬದಲಾವಣೆಯೇ ಆ ಊರಿನ ನಿಜವಾದ ಚರಿತ್ರೆ. ನೆರೆಯವನ ಮನೆ ಉರಿದರೆ ಅದು ತನ್ನ ಮನೆಯ ಚಿಂತೆಯೂ ಹೌದು ಎಂದು ಜನ ಒಪ್ಪಿಕೊಂಡ ಮೇಲಷ್ಟೇ ಅಲ್ಲಿ ಊರು ಹುಟ್ಟಿತು. 1888ರ ಕಾಗದಪತ್ರ ಅದನ್ನು ದಾಖಲು ಮಾಡಿತು, ಅಷ್ಟೆ.