ಜಿಮ್‌ನಲ್ಲಿ ತೂಕ ಏರದೇ ನಿಂತುಹೋಯಿತೇ? ‘ಪ್ಲಾಟೋ’ ಹಿಂದಿನ ನಿಜ ಮತ್ತು ಮಿಥ್ಯೆ

ಜಿಮ್‌ಗೆ ಸೇರಿದ ಮೊದಲ ಎರಡು ತಿಂಗಳು ಖುಷಿಯೋ ಖುಷಿ. ಖಾಲಿ ರಾಡ್ ಎತ್ತಲು ತಡವರಿಸುತ್ತಿದ್ದವರು ವಾರದಿಂದ ವಾರಕ್ಕೆ ಪ್ಲೇಟ್ ಸೇರಿಸುತ್ತಾ ಹೋಗುತ್ತಾರೆ. ಮೂರನೆಯದೋ ನಾಲ್ಕನೆಯದೋ ತಿಂಗಳಲ್ಲಿ ಬೆಂಚ್ ಪ್ರೆಸ್ 40 ಕೆ.ಜಿ.ಗೆ ಬಂದು ನಿಂತುಬಿಡುತ್ತದೆ. ಏನು ಮಾಡಿದರೂ ಮೇಲೇರುವುದಿಲ್ಲ. ಜಿಮ್ ಭಾಷೆಯಲ್ಲಿ ಇದಕ್ಕೆ ‘ಪ್ಲಾಟೋ’ ಎನ್ನುತ್ತಾರೆ. ಭೂಗೋಳದ ಪಾಠದಲ್ಲಿ ನಾವೆಲ್ಲ ಓದಿದ ಪ್ರಸ್ಥಭೂಮಿಯ ಇಂಗ್ಲಿಷ್ ಹೆಸರೇ ಅದು. ಈ ಹಂತದಲ್ಲಿ ಕೆಲವರು ಜಿಮ್ ಬಿಡುತ್ತಾರೆ, ಕೆಲವರು ದುಬಾರಿ ಪೌಡರ್ ಡಬ್ಬಿ ತರುತ್ತಾರೆ, ಇನ್ನು ಕೆಲವರು ಇಂಜೆಕ್ಷನ್ ಮೊರೆಹೋಗುತ್ತಾರೆ. ಅದಕ್ಕೂ ಮುನ್ನ ದೇಹದಲ್ಲಿ ನಿಜವಾಗಿ ಏನಾಗುತ್ತಿದೆ ಎಂದು ನೋಡೋಣ.

ಮೊದಲ ವಾರಗಳಲ್ಲಿ ಹೆಚ್ಚುವ ಶಕ್ತಿಯ ಬಹುಪಾಲು ಸ್ನಾಯು ದಪ್ಪವಾಗಿದ್ದರಿಂದ ಬಂದದ್ದಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಮೆದುಳು ಮತ್ತು ನರಗಳು ಕಲಿತದ್ದರಿಂದ ಬಂದದ್ದು. ಸೈಕಲ್ ಕಲಿಯುವಾಗಲೂ ಹೀಗೇ ಆಗುತ್ತದೆ: ವಾರದಲ್ಲಿ ಕಾಲು ಬಲಿಯುವುದಿಲ್ಲ, ಆದರೆ ಸೈಕಲ್ ಓಡುತ್ತದೆ. 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ತೋರಿಸಿದ್ದು ಇದನ್ನೇ. ಆರಂಭದ ಗಳಿಕೆಯಲ್ಲಿ ನರಗಳ ಪಾಲು ದೊಡ್ಡದು, ಸ್ನಾಯು ಬೆಳವಣಿಗೆಯ ಪಾಲು ನಂತರದ ವಾರಗಳಲ್ಲಿ ಹೆಚ್ಚುತ್ತದೆ. ಸ್ನಾಯು ಬೆಳೆಯುವುದು ನಿಧಾನ. ಹಾಗಾಗಿ ಮೂರನೇ ತಿಂಗಳಲ್ಲಿ ವೇಗ ತಗ್ಗಿದರೆ ಅದು ಸೋಲಲ್ಲ, ಸುಲಭದ ಹಂತ ಮುಗಿದಿದೆ ಅಷ್ಟೇ.

ಇನ್ನೊಂದು ಕಾರಣ ಶುದ್ಧ ಗಣಿತ, ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಎಷ್ಟೋ ಜಿಮ್‌ಗಳಲ್ಲಿ ಕೈಗೆ ಸಿಗುವ ಚಿಕ್ಕ ಪ್ಲೇಟ್ 2.5 ಕೆ.ಜಿ.ಯದು. ಎರಡೂ ಬದಿಗೆ ಹಾಕಿದರೆ 5 ಕೆ.ಜಿ. ಸ್ಕ್ವಾಟ್‌ನಲ್ಲಿ 100 ಕೆ.ಜಿ. ಹೊರುವವರಿಗೆ ಅದು ಶೇ. 5ರಷ್ಟು ಏರಿಕೆ. 40 ಕೆ.ಜಿ. ಬೆಂಚ್ ಮಾಡುವವರಿಗೆ ಶೇ. 12.5, 25 ಕೆ.ಜಿ. ಶೋಲ್ಡರ್ ಪ್ರೆಸ್ ಮಾಡುವವರಿಗೆ ಶೇ. 20! ಭುಜದ ವ್ಯಾಯಾಮ ಎಲ್ಲಕ್ಕಿಂತ ಮೊದಲು ನಿಂತುಹೋಗುವುದಕ್ಕೆ ಇದೊಂದು ದೊಡ್ಡ ಕಾರಣ. 1.25 ಕೆ.ಜಿ. ಪ್ಲೇಟ್ ಹುಡುಕಿ, ಸಿಗದಿದ್ದರೆ ತೂಕದ ಬದಲು ಎಣಿಕೆ ಹೆಚ್ಚಿಸಿ. 40 ಕೆ.ಜಿ.ಯನ್ನು ಮೂರು ಸೆಟ್‌ಗಳಲ್ಲಿ ತಲಾ 6 ಬಾರಿ ಎತ್ತುತ್ತಿದ್ದವರು ತಲಾ 10 ಬಾರಿ ಎತ್ತುವವರೆಗೂ ಅಲ್ಲೇ ಇರಲಿ. ಆಮೇಲೆ ತೂಕ ಏರಿಸಿ ಮತ್ತೆ 6ರಿಂದ ಶುರು ಮಾಡಬಹುದು. ರಾಡ್ ಮೇಲಿನ ತೂಕ ಬದಲಾಗದಿದ್ದರೂ ಶಕ್ತಿ ಹೆಚ್ಚುತ್ತಲೇ ಇರುತ್ತದೆ.

ಇದೆಲ್ಲ ತಿಳಿಯಬೇಕಾದರೆ ಬರೆದಿಟ್ಟ ಲೆಕ್ಕ ಬೇಕು. ಒಂದು ದಿನ ಎತ್ತಲಾಗಲಿಲ್ಲ ಎಂದರೆ ಪ್ಲಾಟೋ ಅಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟಿರಬಹುದು. ಮೂರು–ನಾಲ್ಕು ವಾರ ತೂಕವೂ ಎಣಿಕೆಯೂ ಒಂದಿಷ್ಟೂ ಕದಲದಿದ್ದರೆ ಮಾತ್ರ ಚಿಂತಿಸಬೇಕು.

ಆಗ ಮೊದಲು ನೋಡಬೇಕಾದದ್ದು ಸೆಟ್‌ಗಳ ನಡುವಿನ ವಿರಾಮ. ‘ಹೆಚ್ಚು ಹೊತ್ತು ಕೂತರೆ ಮೈ ತಣ್ಣಗಾಗುತ್ತದೆ’ ಎಂದು ನಿಮಿಷಕ್ಕೇ ಮುಂದಿನ ಸೆಟ್‌ಗೆ ಎಬ್ಬಿಸುವವರಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 1 ನಿಮಿಷ ವಿರಮಿಸಿದವರಿಗಿಂತ 3 ನಿಮಿಷ ವಿರಮಿಸಿದವರ ಶಕ್ತಿ ಹೆಚ್ಚು ಏರಿತ್ತು. ಬೆಂಚ್ ಮೇಲೆ ಸುಮ್ಮನೆ ಕೂತವರೆಲ್ಲ ಸೋಮಾರಿಗಳಲ್ಲ (ಫೋನ್ ನೋಡುತ್ತಾ ಹತ್ತು ನಿಮಿಷ ಕೂತವರ ಮಾತು ಬೇರೆ).

ನಂತರ ತಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ, ಪ್ರತಿ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇದು ಸಾಲದು. 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು, ಸ್ನಾಯು ಬೆಳವಣಿಗೆಗೆ ಸುಮಾರು 1.6 ಗ್ರಾಂವರೆಗೆ ಲಾಭವಿದೆ, ಅದರಾಚೆಗೆ ಹೆಚ್ಚುವರಿ ಲಾಭ ಕಾಣುತ್ತಿಲ್ಲ ಎಂದಿತು. ಅಂದರೆ ಅದೇ ವ್ಯಕ್ತಿಗೆ 96 ಗ್ರಾಂ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ–ತಿಳಿಸಾರು, ರಾತ್ರಿ ಮುದ್ದೆ ಎಂಬ ಊಟದಲ್ಲಿ ಅಷ್ಟು ಸಿಗುವುದು ಕಷ್ಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ಒಂದು ಹಿಡಿ (50 ಗ್ರಾಂ) ಕಡಲೆಕಾಯಿ ಬೀಜದಲ್ಲಿ 12, ಅಷ್ಟೇ ತೂಕದ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಹೊಟ್ಟೆ ಕರಗಿಸಲು ಊಟ ಕಡಿಮೆ ಮಾಡಿಕೊಂಡವರಿಗೆ ತೂಕ ಏರದಿರುವುದು ಸಹಜವೇ. ಎರಡೂ ಒಟ್ಟಿಗೆ ಬಹಳ ಕಾಲ ನಡೆಯುವುದಿಲ್ಲ.

ಊಟ, ನಿದ್ದೆ ಸರಿಯಿದ್ದೂ ಕದಲದಿದ್ದರೆ ದಣಿವು ಶಕ್ತಿಯನ್ನು ಮುಚ್ಚಿಟ್ಟಿರಬಹುದು. ಒಂದು ವಾರ ತೂಕವನ್ನೂ ಸೆಟ್‌ಗಳನ್ನೂ ಇಳಿಸಿ, ಮುಂದಿನ ವಾರ ಮೊದಲಿಗಿಂತ ಶೇ. 10ರಷ್ಟು ಕಡಿಮೆ ತೂಕದಿಂದ ಮತ್ತೆ ಹತ್ತಿ. ಪ್ರತಿ ಸೆಟ್ಟನ್ನೂ ಕೈ ಸೋಲುವವರೆಗೆ ಎಳೆಯಬೇಕಿಲ್ಲ. ಇನ್ನೊಂದೆರಡು ಬಾರಿ ಎತ್ತಬಹುದು ಎನ್ನುವಾಗ ನಿಲ್ಲಿಸಿದರೂ ಶಕ್ತಿ ಬರುತ್ತದೆ.

‘ಸ್ನಾಯುವನ್ನು ಗೊಂದಲಕ್ಕೀಡು ಮಾಡಬೇಕು, ವಾರಕ್ಕೊಮ್ಮೆ ವ್ಯಾಯಾಮ ಬದಲಿಸಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸ್ನಾಯುವಿಗೆ ಗೊಂದಲವಾಗುವುದಿಲ್ಲ. ಹೊಸ ವ್ಯಾಯಾಮದಲ್ಲಿ ನರಗಳ ಕಲಿಕೆ ಮೊದಲಿನಿಂದ ಶುರುವಾಗುವುದರಿಂದ ವೇಗವಾಗಿ ಮುಂದುವರಿದಂತೆ ಕಾಣುತ್ತದೆ, ಬೆಂಚ್ ಮಾತ್ರ ಅಲ್ಲೇ ಇರುತ್ತದೆ. ಮರುದಿನ ಮೈ ನೋಯುವುದೂ ಪ್ರಗತಿಯ ಪುರಾವೆಯಲ್ಲ.

ವೇ ಪೌಡರ್ ಎಂದರೆ ಹಾಲಿನ ಪ್ರೋಟೀನ್. ಊಟದಲ್ಲಿ ಸಾಲದಿದ್ದರೆ ಅನುಕೂಲ, ಸಾಕಷ್ಟಿದ್ದರೆ ಬರೀ ಖರ್ಚು. ಕ್ರಿಯಾಟಿನ್‌ಗೆ (ದಿನಕ್ಕೆ 3–5 ಗ್ರಾಂ) ಒಳ್ಳೆಯ ಸಾಕ್ಷ್ಯವಿದೆ, ಆದರೆ ಅದರ ನೆರವು ಸಣ್ಣದು. ಅನಬಾಲಿಕ್ ಸ್ಟೀರಾಯ್ಡ್ ಮಾತ್ರ ಬೇರೆಯೇ ಕಥೆ. ಹೊರಗಿನಿಂದ ಹಾರ್ಮೋನ್ ಬಂದಾಗ ಗಂಡಸರ ವೃಷಣಗಳು ತಮ್ಮ ಕೆಲಸ ತಗ್ಗಿಸುತ್ತವೆ. ವೀರ್ಯಾಣು ಕುಸಿದು ಮಕ್ಕಳಾಗುವುದೇ ಕಷ್ಟವಾಗಬಹುದು. ಹೃದಯ, ಯಕೃತ್ತುಗಳಿಗೂ ಅಪಾಯವಿದೆ. ನಾಲ್ಕೇ ತಿಂಗಳ ಹಿಂದೆ ಜಿಮ್‌ಗೆ ಸೇರಿದ ಹುಡುಗನಿಗೆ ಯಾರಾದರೂ ಇದನ್ನು ಸೂಚಿಸಿದರೆ, ಆ ಜಿಮ್ಮನ್ನೇ ಬಿಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಇನ್ನು, ಎತ್ತುವಾಗ ಭುಜದ ಕೀಲಿನಲ್ಲೋ ಸೊಂಟದಲ್ಲೋ ಚುಚ್ಚಿದಂತೆ ನೋವಾಗಿ ನಿಲ್ಲಿಸಬೇಕಾಗುತ್ತಿದ್ದರೆ ಅದು ಪ್ಲಾಟೋ ಅಲ್ಲ, ಗಾಯವಿರಬಹುದು. ಅಂಥ ನೋವಿರುವಾಗ ಮೇಲೆ ಹೇಳಿದ ಯಾವುದನ್ನೂ ಪ್ರಯತ್ನಿಸದೆ ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ.