ಡಮಾಮಿ ಮತ್ತು ರೆಗೇ: ಒಂದು ತೌಲನಿಕ ವಿವೇಚನೆ

ಆಫ್ರಿಕ ಖಂಡದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರು ತಮ್ಮೊಡನೆ ವಸ್ತುವಾಹನಗಳನ್ನು ಒಯ್ಯುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅವರು ನೆಲೆಸಿದ ಅನೇಕ ನಾಡುಗಳಲ್ಲಿ ಚರ್ಮವಾದ್ಯದ ಬಳಕೆ ಉಳಿದುಬಂದಿದೆ. ಅಂಥ ಎರಡು ಕವಲುಗಳನ್ನು, ಎಂದರೆ ಜಮೈಕಾದ ರೆಗೇ ಸಂಗೀತವನ್ನೂ ನಮ್ಮ ಉತ್ತರ ಕನ್ನಡದ ಸಿದ್ದಿಯರ ಡಮಾಮಿಯನ್ನೂ, ಒಟ್ಟಿಗೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹಳೆಯ ವಾದ್ಯವು ಹೊಸ ಕಲೆಯೊಡನೆ ರಂಗದ ಮೇಲೆ ಬೆರೆತಾಗ ಅದರ ಚಾರಿತ್ರಿಕ ಸ್ವರೂಪವು ಅಳಿಯುವುದೆ, ಉಳಿಯುವುದೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಜಮೈಕಾದಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆ ದೊರೆತದ್ದು 1838ರಲ್ಲಿ. ಗುಲಾಮಗಿರಿಯ ಕಾಲದಿಂದ ಬಂದ ಬುರು ಎಂಬ ವಾದನಕ್ರಮವು ಇಪ್ಪತ್ತನೆಯ ಶತಮಾನದಲ್ಲಿ ಕಿಂಗ್‌ಸ್ಟನ್ ನಗರದ ಬಡವರ ಕೇರಿಗಳಲ್ಲಿ ಜೀವಂತವಾಗಿತ್ತು. ಕೌಂಟ್ ಆಸಿ ಎಂದು ಪ್ರಸಿದ್ಧನಾದ ಆಸ್ವಲ್ಡ್ ವಿಲಿಯಮ್ಸನು ಬುರು ವಾದಕರಿಂದ ಕಲಿತು, ರಸ್ತಫಾರಿ ಪಂಥದವರ ನ್ಯಾಬಿಂಗಿ ವಾದನಕ್ಕೆ ರೂಪಕೊಟ್ಟವರಲ್ಲಿ ಪ್ರಮುಖನಾದನು. ಇದರಲ್ಲಿ ಮೂರು ವಾದ್ಯಗಳಿವೆ. ದೊಡ್ಡದಾದ ಬಾಸ್ ಮುಖ್ಯ ಪೆಟ್ಟನ್ನು ಕೊಡುತ್ತದೆ. ಫುಂಡೆಯು ಎದೆಬಡಿತದಂತೆ ಒಂದೇ ಸಮನೆ ನಡೆಯುತ್ತದೆ. ರಿಪೀಟರ್ ಇವೆರಡರ ಮೇಲೆ ಸ್ವಚ್ಛಂದವಾಗಿ ನುಡಿಯುತ್ತದೆ. 1960ರ ಸುಮಾರಿಗೆ ‘ಓ ಕರೊಲೈನಾ’ ಎಂಬ ಹಾಡಿನ ಧ್ವನಿಮುದ್ರಣದಲ್ಲಿ ಆಸಿಯ ತಂಡದವರು ನುಡಿಸಿದರು. ರೆಗೇ ಎಂಬ ಪ್ರಕಾರವು 1968ರ ವೇಳೆಗೆ ರೂಪುಗೊಂಡಿತು. ಅದರಲ್ಲಿ ಮೆಂಟೊ, ಸ್ಕಾ ಮುಂತಾದ ಜಮೈಕಾದ ಪ್ರಕಾರಗಳೂ ಅಮೆರಿಕದ ಜನಪ್ರಿಯ ಸಂಗೀತವೂ ಕೂಡಿವೆ. 1970ರ ದಶಕದಲ್ಲಿ ರಾಸ್ ಮೈಕೆಲನು ನ್ಯಾಬಿಂಗಿ ವಾದ್ಯಗಳೊಡನೆ ವಿದ್ಯುತ್ ಗಿಟಾರುಗಳನ್ನು ಸೇರಿಸಿದನು. 1980ರ ಏಪ್ರಿಲಿನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ಸಮಾರಂಭದಲ್ಲಿ ಬಾಬ್ ಮಾರ್ಲಿ ಹಾಡಿದಾಗ, ಆಫ್ರಿಕದಿಂದ ಹೊರಟ ಪರಂಪರೆಯು ಬೇರೆ ವೇಷದಲ್ಲಿ ಆಫ್ರಿಕಕ್ಕೆ ಮರಳಿತೆನ್ನಬಹುದು.

ಇನ್ನು ನಮ್ಮ ನಾಡಿನ ಸಂಗತಿ. ಸಿದ್ದಿಯರ ಪೂರ್ವಿಕರಲ್ಲಿ ಬಹುಮಂದಿ ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ಅವರ ವಸತಿಗಳಿವೆ. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಧರ್ಮದವರೂ ಇದ್ದಾರೆ. ಟೊಳ್ಳು ಕೊರೆದ ಮರಕ್ಕೆ ತೊಗಲು ಬಿಗಿದು ಕೈಯಿಂದ ನುಡಿಸುವ ಡಮಾಮಿ ಅವರ ಕುಣಿತದ ಜೀವಾಳ. ಆದರೆ ಅದರೊಡನೆ ಹಾಡುವ ಹಾಡುಗಳು ಆಫ್ರಿಕದ ಭಾಷೆಯವಲ್ಲ. ಕೊಂಕಣಿ, ಕನ್ನಡ ಮುಂತಾದ ಈ ನೆಲದ ನುಡಿಗಳವು. ವಾದ್ಯದ ಹೆಸರೂ ಪಾರಸಿಯ ‘ದಮಾಮಾ’ ಶಬ್ದವನ್ನು ನೆನಪಿಗೆ ತರುತ್ತದೆ. ಅಕ್ಬರನ ನಗಾರಖಾನೆಯ ವಾದ್ಯಗಳಲ್ಲಿ ಈ ಹೆಸರನ್ನು ಐನ್-ಇ-ಅಕ್ಬರಿ ಹೇಳಿದೆ. ಆದುದರಿಂದ ರಂಗಕ್ಕೆ ಬರುವ ಮೊದಲೇ ಡಮಾಮಿ ಬೆರಕೆಯ ಕಲೆಯಾಗಿತ್ತೆಂಬುದು ಸ್ಪಷ್ಟ. ಬೆರಕೆಯನ್ನು ಹೊಸ ಕಾಲದ ಕೇಡೆಂದು ಭಾವಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಇಷ್ಟಾದರೂ ಎರಡು ಕವಲುಗಳಿಗೂ ಒಂದು ಮುಖ್ಯ ಭೇದವುಂಟು. ಜಮೈಕಾದಲ್ಲಿ ಬೆರಕೆಯನ್ನು ನಡೆಸಿದವರು ವಾದ್ಯಕ್ಕೆ ಒಡೆಯರಾದ ಜನರೇ. ಯಾವುದು ಸೇರಬೇಕು, ಯಾವುದು ಬಿಡಬೇಕೆಂಬ ನಿರ್ಣಯದಲ್ಲಿ ಅವರ ಕೈ ಇತ್ತು. ಸಿದ್ದಿಯರಿಗೆ ರಂಗವು ಬಹುಮಟ್ಟಿಗೆ ಹೊರಗಿನಿಂದ ಒದಗಿತು. 1980ರ ದಶಕದಲ್ಲಿ ನೀನಾಸಮ್ ಸಂಸ್ಥೆಯವರು ಮಂಚಿಕೇರಿಯ ಸಿದ್ದಿಯರಿಂದ, ಚಿನುವ ಅಚೆಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಆಡಿಸಿದುದು ಗಮನಾರ್ಹ. ಅಲ್ಲಿ ಸಿದ್ದಿಯರು ಕೇವಲ ನೋಟದ ವಸ್ತುವಾಗದೆ ಪಾತ್ರಧಾರಿಗಳಾದರು. ಉತ್ಸವದ ವೇದಿಕೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾದ ಕುಣಿತಕ್ಕೆ ಅಂಥ ಅವಕಾಶವಿಲ್ಲ. ನೋಡುವವರು ಬಯಸುವುದು ‘ಆಫ್ರಿಕ’ವನ್ನು, ಆಗ ಕೊಂಕಣಿಯ ಹಾಡು, ಕೂಲಿ ಮುಗಿಸಿ ಬಂದ ಸಂಜೆಯ ಮಾತು ಹಿಂದೆ ಸರಿಯುತ್ತವೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರ ಪ್ರತ್ಯೇಕತೆಯನ್ನು ಗುರುತಿಸುವುದು ನ್ಯಾಯವೇ. ಆದರೆ ಅದನ್ನೇ ಪ್ರದರ್ಶನದ ಸರಕಾಗಿಸುವುದು ಬೇರೆಯ ವಿಷಯ.

ಇಂದು ಮೈಸೂರಿನ ಮೇಟಗಳ್ಳಿಯಲ್ಲಿ ವಾಸಿಸುವ ವಿದ್ಯಾರ್ಥಿಗೆ ಕಿಂಗ್‌ಸ್ಟನ್ನಿನ ವಾದನವು ಮನೆಯಲ್ಲೇ ಕೇಳಸಿಗುತ್ತದೆ. ತನ್ನದೇ ರಾಜ್ಯದ ಡಮಾಮಿ ಅಷ್ಟು ಸುಲಭವಾಗಿ ಸಿಗದು. ಈ ಕೊರತೆಯನ್ನು ನೀಗುವ ಹೊಣೆ ಸಂಶೋಧನೆಯದು. ಯಾರು, ಯಾವ ಸಂದರ್ಭದಲ್ಲಿ, ಯಾವ ನುಡಿಯಲ್ಲಿ ಹಾಡಿ ನುಡಿಸುತ್ತಾರೆಂಬುದನ್ನು ವಸತಿಗಳಲ್ಲಿಯೇ, ಅವರ ಒಪ್ಪಿಗೆಯಿಂದ ದಾಖಲಿಸಬೇಕು. ಹೊಸದರೊಡನೆ ಬೆರೆತ ಮಾತ್ರಕ್ಕೆ ವಾದ್ಯವು ಅಳಿಯದೆಂಬುದಕ್ಕೆ ರೆಗೇ ಸಾಕ್ಷಿ. ನುಡಿಸುವವರ ಇಚ್ಛೆಯನ್ನೂ ಸಂದರ್ಭವನ್ನೂ ಕಳೆದುಕೊಂಡಾಗಲೇ ಅದು ಬರಿಯ ಸದ್ದಾಗುತ್ತದೆ ಎಂದು ನಾವು ಭಾವಿಸುತ್ತೇವೆ.